ಓದಿ ಹೇಳದ ಚೀಟಿ

"ತಲೆ ಅಲುಗಬಾರದು ಸಿಸ್ಟರ್... ಇನ್ನೂ ಸ್ವಲ್ಪ ಗಟ್ಟಿ ಹಿಡೀರಿ!"

ತೃಷಾ ಎರಡೂ ಅಂಗೈಗಳ ನಡುವೆ ಮಗುವಿನ ತಲೆಯನ್ನು ಹಿಡಿದಿದ್ದಳು. ಕೈಕಾಲು ಸೇರಿಸಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಆ ಪುಟ್ಟ ದೇಹ ಬುಟ್ಟಿಗೆ ಬಿದ್ದ ಮೀನಿನ ಹಾಗೆ ಬಳುಕುತ್ತಿತ್ತು. ರೆಪ್ಪೆ ಮುಚ್ಚದಂತೆ ತಂತಿಯ ಸಣ್ಣ ಕ್ಲಿಪ್ಪು ಹಾಕಿಯಾಗಿತ್ತು. ಡಾಕ್ಟರ್ ಹರಿನಾರಾಯಣರ ಹಣೆಯ ದೀಪ ನೇರವಾಗಿ ಆ ಕಣ್ಣಿನೊಳಗೆ ಇಳಿಯುತ್ತಿತ್ತು.

ಪ್ರತಿ ಬುಧವಾರ ಕಣ್ಣಿನ ಡಾಕ್ಟರು ಮಂಗಳೂರಿನಿಂದ ಕಾಸರಗೋಡಿನ ಈ ಆಸ್ಪತ್ರೆಗೆ ಬರುತ್ತಿದ್ದರು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳ ಕಣ್ಣು ನೋಡುವ ದಿನ ಅದು. ಬೆಳಿಗ್ಗೆಯಿಂದ ಇದು ಹನ್ನೊಂದನೆಯ ಮಗು. ಹೊರಗಿನಿಂದ ಆಯಾ ಎತ್ತಿಕೊಂಡು ಬಂದು ಕೊಡುತ್ತಾಳೆ, ತೃಷಾ ಹಿಡಿಯುತ್ತಾಳೆ, ಡಾಕ್ಟರು ಗುನುಗುತ್ತ ನೋಡುತ್ತಾರೆ. ಹಾಗೆ ಸಾಗುತ್ತಿತ್ತು ಕೆಲಸ.

ಈಗ ಡಾಕ್ಟರ ಗುನುಗು ನಿಂತಿತು.

ಬಲಗಣ್ಣು ನೋಡಿದರು. ಎಡಗಣ್ಣು ನೋಡಿದರು. ಮತ್ತೆ ಬಲಗಣ್ಣು.

"ಹುಟ್ಟಿ ಎಷ್ಟು ದಿನ ಆಯ್ತು ಇದಕ್ಕೆ?"

ತೃಷಾ ಕತ್ತು ವಾರೆ ಮಾಡಿ ಫೈಲು ನೋಡಿದಳು. "ಎಂಬತ್ತನಾಲ್ಕು, ಸರ್."

"ಎಂಬತ್ತನಾಲ್ಕು! ಐವತ್ತಾರನೇ ದಿನಕ್ಕೆ ಬರ್ಲಿಕ್ಕೆ ಹೇಳಿದ್ದು ನಾನು. ಒಂದು ತಿಂಗಳು ಎಲ್ಲಿದ್ರಂತೆ ಇವ್ರು? ಆಗ ಬಂದಿದ್ರೆ ಲೇಸರಿನಲ್ಲಿ ಮುಗೀತಿತ್ತು. ಈಗ ಬಲಗಣ್ಣಿನ ಪರದೆ ಪೂರ್ತಿ ಕಳಚಿ ಬಿದ್ದಿದೆ. ಎಡದ್ದು ಅರ್ಧ."

ತೃಷಾಳ ಕಣ್ಣು ಫೈಲಿನ ಮೇಲಿನ ಹೆಸರಿಗೆ ಹೋಯಿತು.

ನಿಖಿತಾಳ ಮಗು.

ಅವಳ ಅಂಗೈಗಳೊಳಗೆ ಇದ್ದದ್ದು ಅಮ್ಮು!

ಎಷ್ಟು ಬೆಳೆದುಬಿಟ್ಟಿದ್ದಾಳೆ... ಗುರುತೇ ಸಿಗಲಿಲ್ಲ...

ಮಗುವನ್ನು ಆಯಾಳ ಕೈಗೆ ಕೊಟ್ಟು ತೃಷಾ ಹೊರಗೆ ಧಾವಿಸಿದಳು. ಬಾಗಿಲಾಚೆ, ಕಾರಿಡಾರಿನ ಬೆಂಚಿನ ಪಕ್ಕ, ಇಸ್ತ್ರಿ ಹಾಕಿದ ನೀಲಿ ಅಂಗಿ ತೊಟ್ಟು ಅವನು ನಿಂತಿದ್ದ. ಜಿತೇಂದ್ರ. ಅಮ್ಮುವಿನ ಸೋದರಮಾವ. ಮೂವತ್ತೆಂಟು ದಿನದಿಂದ ತೃಷಾ ಯಾರನ್ನು ಕಾಯುತ್ತಿದ್ದಳೋ, ಯಾರನ್ನು ಮರೆಯಲು ಹೆಣಗುತ್ತಿದ್ದಳೋ, ಅವನು.

ಅವಳನ್ನು ಕಂಡದ್ದೇ ಅವನ ಮುಖ ಅರಳಿತು. ಒಂದೇ ಕ್ಷಣ. ಅವಳ ಮುಖ ನೋಡಿ ಆ ನಗು ಅಲ್ಲೇ ಬಾಡಿತು.

"ಎಂತಾಯ್ತು?"

"ಎಂತ ಆಯ್ತಾ? ಎಲ್ಲಿ ಸತ್ತಿದ್ರಿ ನೀವು ಇಷ್ಟು ದಿನ!"

ಬೆಂಚಿನಲ್ಲಿದ್ದ ನಾಲ್ಕು ತಾಯಂದಿರು ತಿರುಗಿ ನೋಡಿದರು. ಜಿತೇಂದ್ರನ ತಂಗಿ ನಿಖಿತಾ ಎದ್ದು ನಿಂತಳು. ತೃಷಾಳಿಗೆ ಯಾರೂ ಕಾಣಲಿಲ್ಲ.

"ಹತ್ತು ದಿನದಲ್ಲಿ ಕರ್ಕೊಂಡು ಬನ್ನಿ ಅಂತ ಚೀಟಿ ಕೊಟ್ಟಿದ್ದೆ ಅಲ್ವಾ? ಓದಿ ಹೇಳಿದ್ದೆ ಅಲ್ವಾ? ಪುಸ್ತಕದಲ್ಲಿ ಟಿಕ್ಕು ಉಂಟು, ತೋರಿಸ್ಬೇಕಾ? ಒಂದು ಕಣ್ಣು ಹೋಯ್ತು ಅವಳದ್ದು... ಇನ್ನೊಂದು ಹೋಗ್ತಾ ಉಂಟು!"

ನಿಖಿತಾ ಬಾಯಿಗೆ ಸೆರಗು ಒತ್ತಿಕೊಂಡು ಬೆಂಚಿನ ಮೇಲೆ ಕುಸಿದಳು. "ಅಣ್ಣಾ... ಎಂತ ಹೇಳ್ತಿದ್ದಾರೆ ಇವ್ರು? ಹಾಲು ಕುಡಿಯುವಾಗ ನನ್ನ ಮುಖ ನೋಡುದಿಲ್ಲ ಅಂತ ತಾನೇ ನಾವು ಬಂದದ್ದು..."

ಜಿತೇಂದ್ರ ಬಾಯಿ ತೆರೆದ. ತೃಷಾಳನ್ನು ನೋಡಿದ. ಏನೋ ಹೇಳಲಿದ್ದಾನೆ ಎಂದುಕೊಂಡಳು. ಆದರೆ ಅವನು ಬಾಯಿ ಮುಚ್ಚಿಕೊಂಡ.

"ಹೌದು ಸಿಸ್ಟರ್," ಎಂದ, ನೆಲ ನೋಡುತ್ತ. "ತಪ್ಪು ನನ್ನದೇ."

ಅಷ್ಟೇ! ಒಂದು ನೆಪವಾದರೂ ಹೇಳಬಾರದಿತ್ತೇ ಇವನು? ಜ್ವರ ಇತ್ತು, ಬಸ್ಸು ಸಿಗಲಿಲ್ಲ, ಮರೆತೆ... ಏನಾದರೂ?

*

ಮೂರು ತಿಂಗಳ ಹಿಂದೆ ಅಮ್ಮು ಹುಟ್ಟಿದಾಗ ಒಂಬೈನೂರ ಎಂಬತ್ತು ಗ್ರಾಂ. ತೃಷಾಳ ಮುಂಗೈಯಷ್ಟು ಉದ್ದ. ನಿಖಿತಾಳಿಗೆ ಏಳನೇ ತಿಂಗಳು ಆಗ ತಾನೇ ಶುರುವಾಗಿತ್ತು.

ಅಂಥ ಮಕ್ಕಳನ್ನು ಎದೆಯ ಚರ್ಮಕ್ಕೆ ಚರ್ಮ ತಾಗಿಸಿ ಗಂಟೆಗಟ್ಟಲೆ ಇಟ್ಟುಕೊಳ್ಳಬೇಕು. ನಿಖಿತಾಳಿಗೆ ಆಪರೇಷನ್ನಿನ ಹೊಲಿಗೆ ಕೀವಾಗಿ ಜ್ವರ. ಗಂಡ ರೋಶನ್ ಶಾರ್ಜಾದಲ್ಲಿ.

"ಮತ್ತೆ ಯಾರಿದ್ದಾರೆ ಮಗುವಿಗೆ?" ಎಂದು ತೃಷಾ ಕೇಳಿದಾಗ ಬಾಗಿಲಲ್ಲಿ ಒಬ್ಬ ಎತ್ತರದ ಆಳು ತಲೆ ತಗ್ಗಿಸಿ ಒಳಗೆ ಬಂದಿದ್ದ.

"ನಾನಿದ್ದೇನೆ. ಮಾವ. ಆಗ್ತದಾ?"

"ಆಗ್ತದೆ. ಅಂಗಿ ತೆಗೀರಿ."

ಅವನ ಕಿವಿ ಕೆಂಪಾಯಿತು. ಗುಂಡಿ ಬಿಚ್ಚಲು ಎರಡು ನಿಮಿಷ ತೆಗೆದುಕೊಂಡ. ಎದೆಯ ತುಂಬ ಕಪ್ಪು ಚುಕ್ಕೆಗಳು, ಹಳೆಯವು, ಹೊಸವು.

"ಇದೆಂತ?"

"ವೆಲ್ಡಿಂಗಿನ ಕಿಡಿ. ಸೀತಾಂಗೋಳಿಯಲ್ಲಿ ವರ್ಕ್‌ಶಾಪ್ ಉಂಟು ನನ್ನದು. ಮಗುವಿಗೆ ಚುಚ್ಚಲಿಕ್ಕಿಲ್ಲ ಅಲ್ವಾ?"

ಅವಳು ಅಮ್ಮುವನ್ನು ಅವನೆದೆಯ ನಡುವೆ ಇಟ್ಟು, ಇಬ್ಬರನ್ನೂ ಸೇರಿಸಿ ಬಟ್ಟೆ ಸುತ್ತಿದಳು. ಬಟ್ಟೆಯ ತುದಿ ಹಿಡಿಯಲು ಅವಳ ಕೈ ಅವನ ಬೆನ್ನನ್ನು ಬಳಸಿ ಹೋಗಬೇಕಾಯಿತು. ಅವನು ಕಲ್ಲಿನ ಹಾಗೆ ಕುಳಿತಿದ್ದ.

"ಉಸಿರು ಬಿಡಿ ಮಾರಾಯ್ರೆ! ನೀವು ಉಸಿರಾಡಿದ್ರೆ ಮಾತ್ರ ಅವಳಿಗೂ ಉಸಿರಾಡುದು ನೆನಪಾಗುದು."

ಅವನು ಹೆದರಿ ಹೆದರಿ ಉಸಿರು ಬಿಟ್ಟ. ಎದೆಯ ಮೇಲೆ ಅಮ್ಮು ಏರಿದಳು, ಇಳಿದಳು. ಆಗ ಅವನು ತಲೆಯೆತ್ತಿ ತೃಷಾಳನ್ನು ನೋಡಿದ. ಅಬ್ಬ... ಆ ನೋಟ! ಯಾರೋ ಅವನ ಕೈಗೆ ಇಡೀ ಊರನ್ನು ಒಪ್ಪಿಸಿದ ಹಾಗೆ.

ದಿನಕ್ಕೆ ಎರಡು ಹೊತ್ತು. ಮೂವತ್ತೊಂದು ದಿನ. ತೃಷಾ ಎಣಿಸಿದ್ದಳು.

ಜಿತೇಂದ್ರನ ತಾಯಿ ಅಕ್ಕು ಗಂಜಿಯ ಕ್ಯಾರಿಯರ್ ಹಿಡಿದು ಬರುತ್ತಿದ್ದರು. ಗಾಜಿನ ಆಚೆಯಿಂದ ನೋಡಿ ಒಮ್ಮೆ ಕೇಳಿಯೇ ಬಿಟ್ಟರು.

"ಎಂತ ಮಾರಾಯ್ತಿ, ನನ್ನ ಮಗ ಐದು ನಿಮಿಷಕ್ಕೊಮ್ಮೆ ಸಿಸ್ಟರ್, ಸಿಸ್ಟರ್ ಅಂತಾನೆ. ನಿಖಿತಾ ಒಬ್ಬಳು ತಂಗಿ ಸಾಲದಾ ಅವನಿಗೆ?"

"ನನಗೆ ಹೆಸರು ಉಂಟು, ಹೇಳಿ ಅವರಿಗೆ," ಎಂದು ತೃಷಾ ಚಾರ್ಟು ನೋಡುವ ನೆಪದಲ್ಲಿ ಮುಖ ತಿರುಗಿಸಿದ್ದಳು.

ಹೆಸರು ಹಿಡಿದು ಕರೆಯುವ ಧೈರ್ಯ ಮಾತ್ರ ಅವನಿಗೆ ಬರಲಿಲ್ಲ.

ನಲವತ್ತಾರನೆಯ ದಿನ ಅಮ್ಮುವಿಗೆ ಡಿಸ್ಚಾರ್ಜ್. ಆ ವಾರ್ಡಿನಲ್ಲಿ ಒಂದು ಕ್ರಮವಿತ್ತು. ಮುಂದಿನ ಕಣ್ಣಿನ ಪರೀಕ್ಷೆಯ ದಿನವನ್ನು ನರ್ಸು ಕೈಯಾರೆ ಚೀಟಿಯಲ್ಲಿ ಬರೆಯಬೇಕು. ಮನೆಯವರಿಗೆ ಅವರ ಭಾಷೆಯಲ್ಲಿ ಓದಿ ಹೇಳಬೇಕು. ಅವರ ಬಾಯಿಂದ ತಿರುಗಿ ಹೇಳಿಸಬೇಕು. ಆಮೇಲೆ ಮಾತ್ರ ಪುಸ್ತಕದಲ್ಲಿ ಕೆಂಪು ಟಿಕ್ಕು. ಬಂದವರು ತುಳುವರಾಗಲಿ, ಬ್ಯಾರಿಗಳಾಗಲಿ, ಕೊಂಕಣಿಯವರಾಗಲಿ, ತೃಷಾ ಅದನ್ನು ಎಂದೂ ತಪ್ಪಿಸಿದವಳಲ್ಲ.

ಆ ದಿನ ಜಿತೇಂದ್ರ ಮೇಜಿನ ಹತ್ತಿರ ಬಂದು, ಅವಳಿಗೆ ಮಾತ್ರ ಕೇಳುವಂತೆ ಹೇಳಿದ್ದ.

"ನಾಳೆಯಿಂದ ಇಲ್ಲಿಗೆ ಬರ್ಲಿಕ್ಕೆ ಎಂತ ನೆಪ ಹುಡುಕುದು ನಾನು?"

ಅವಳ ಕೆನ್ನೆ ಕಾದ ಕಾವಲಿಯ ಹಾಗಾಯಿತು. ತಲೆಯೆತ್ತಲಿಲ್ಲ. ಚೀಟಿ ಅವನ ಕೈಗೆ ಹೋಯಿತು. ಟಿಕ್ಕು ಪುಸ್ತಕಕ್ಕೆ ಬಿತ್ತು.

ಹತ್ತು ದಿನ ಕಳೆದು ಬುಧವಾರ ಬಂತು. ತೃಷಾ ಬೋವಿಕಾನದ ಮನೆಯಿಂದ ಹೊಸ ಓಲೆ ಹಾಕಿಕೊಂಡು ಬಂದಿದ್ದಳು. ಬಾಗಿಲ ಕಡೆ ನೋಡಿ ನೋಡಿ ಕತ್ತು ನೋಯಿತು. ಅವನು ಬರಲಿಲ್ಲ.

ಬಾರದ ಮಗುವಿನ ಮನೆಗೆ ಫೋನ್ ಮಾಡಬೇಕಾದದ್ದು ಅವಳ ಕೆಲಸವೇ. ನಂಬರ್ ಒತ್ತಿದಳು. ಒಂದು ರಿಂಗಿಗೆ ಕಟ್ ಮಾಡಿದಳು. ಬಾರದವನನ್ನು ನಾನು ಯಾಕೆ ಕರೆಯಲಿ? ಮಂಗಳೂರಿನಲ್ಲಿ ತೋರಿಸಿರಬೇಕು. ನನ್ನನ್ನು ನೋಡುವ ಆಸೆ ಅಷ್ಟಕ್ಕೇ ತೀರಿತು...

ಹಾಗೆ ಹೋಯಿತು ಆ ತಿಂಗಳು. ಅಮ್ಮುವಿನ ಕಣ್ಣಿನೊಳಗೆ ಆ ತಿಂಗಳಲ್ಲಿ ಏನೇನು ನಡೆಯುತ್ತಿದೆಯೆಂದು ಯಾರಿಗೂ ತಿಳಿಯದೆ.

*

"ಎರಡು ಮೂರು ದಿನದೊಳಗೆ ಆಪರೇಷನ್ ಆಗ್ಬೇಕು," ಎಂದಿದ್ದರು ಹರಿನಾರಾಯಣ. ಇಷ್ಟು ಚಿಕ್ಕ ಕಣ್ಣಿಗೆ ಕತ್ತರಿ ಇಡುವವರು ಹತ್ತಿರದಲ್ಲಿ ಇರಲಿಲ್ಲ. ಅವರೇ ಕೊಯಮತ್ತೂರಿನ ಒಂದು ಆಸ್ಪತ್ರೆಗೆ ಫೋನ್ ಮಾಡಿ ಶುಕ್ರವಾರದ ಹೊತ್ತು ಗೊತ್ತು ಮಾಡಿಕೊಟ್ಟರು.

"ನೀವೂ ಬನ್ನಿ ಸಿಸ್ಟರ್," ಎಂದು ನಿಖಿತಾ ತೃಷಾಳ ಕೈ ಬಿಡಲಿಲ್ಲ. "ದಾರಿಯಲ್ಲಿ ಅವಳು ಉಸಿರು ಹಿಡಿದ್ರೆ ನನಗೆ ಎಂತ ಗೊತ್ತಾಗ್ತದೆ?"

ತೃಷಾ ರಜೆ ಹಾಕಿದಳು. ಮಗುವಿಗಾಗಿ ಮಾತ್ರ, ಎಂದು ತನಗೇ ತಾನು ನಾಲ್ಕು ಸಲ ಹೇಳಿಕೊಂಡಳು.

ಗುರುವಾರ ಬೆಳಗಿನ ರೈಲು. ಕಣ್ಣೂರು ದಾಟಿತು, ಕೋಝಿಕ್ಕೋಡು ದಾಟಿತು. ಎದುರು ಸೀಟಿನಲ್ಲಿ ಜಿತೇಂದ್ರ. ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ ಅಮ್ಮುವನ್ನು ಎದೆಗೆ ಒತ್ತಿಕೊಂಡಿದ್ದ. ಮಗು ನಿದ್ದೆ ಹೋಗಿತ್ತು. ಅವನ ಕಣ್ಣು ಮಾತ್ರ ಕೆಂಪಾಗಿ ತೆರೆದೇ ಇತ್ತು.

ಇಷ್ಟು ಹತ್ತಿರ... ಮೊಣಕಾಲಿಗೆ ಮೊಣಕಾಲು ತಾಗುವಷ್ಟು. ಆದರೂ ಕೈಗೆಟುಕದಷ್ಟು ದೂರ.

ಶೊರನೂರಿನಲ್ಲಿ ಅವನು ಚಹಾ ತಂದು ಮುಂದೆ ಹಿಡಿದ.

"ಸಿಸ್ಟರ್... ಚಹಾ."

"ನನಗೆ ಬೇಡ."

ಅವನು ಆ ಲೋಟವನ್ನು ಪಾಲ್ಘಾಟಿನವರೆಗೂ ಕೈಯಲ್ಲೇ ಹಿಡಿದಿದ್ದ. ಕುಡಿಯಲಿಲ್ಲ, ಚೆಲ್ಲಲೂ ಇಲ್ಲ.

ತೃಷಾ ಕಿಟಕಿಯಾಚೆ ನೋಡುತ್ತ ಮನಸ್ಸಿನಲ್ಲೇ ಒಂದು ಪಣ ಕಟ್ಟಿದಳು. ಅಮ್ಮುವಿನ ಎಡಗಣ್ಣು ಉಳಿಯಲಿ. ಉಳಿದರೆ ಇವನನ್ನು ಕ್ಷಮಿಸುತ್ತೇನೆ. ಉಳಿಯದಿದ್ದರೆ... ಈ ಮುಖವನ್ನು ಮತ್ತೆ ನೋಡಲಾರೆ. ಎಷ್ಟು ಇಷ್ಟವಿದ್ದರೂ ಸರಿ, ನೋಡಲಾರೆ!

ಮರುದಿನ ಬೆಳಿಗ್ಗೆ ಸರ್ಜನ್ ಅವರನ್ನು ಕೂರಿಸಿ ವಿವರಿಸಿದರು. ಬೆಳ್ಳಿಕೂದಲಿನ ಹೆಂಗಸು, ಮಾತು ಮೆಲ್ಲಗೆ. ತಮಿಳು ಮತ್ತು ಇಂಗ್ಲಿಷ್ ಸೇರಿಸಿ ಅವರು ಹೇಳಿದ್ದನ್ನು ತೃಷಾ ಕನ್ನಡಕ್ಕೆ ತಂದು ಹೇಳುತ್ತಾ ಹೋದಳು.

"ಬೇಗ ಹುಟ್ಟಿದ ಮಗುವಿನ ಕಣ್ಣಲ್ಲಿ ರಕ್ತನಾಳ ಅರ್ಧ ದಾರಿಯಲ್ಲಿ ನಿಂತಿರ್ತದಂತೆ. ಆಮೇಲೆ ಅಡ್ಡಾದಿಡ್ಡಿ ಬೆಳೆದು, ನಾರಿನ ಹಾಗೆ ಗಟ್ಟಿಯಾಗಿ, ಹಿಂದಿನ ಪರದೆಯನ್ನು ಎಳೀತದೆ. ಎಡಗಣ್ಣಲ್ಲಿ ನಡುಭಾಗ ಇನ್ನೂ ಅಂಟಿಕೊಂಡು ಉಂಟು. ಹೊಲಿಗೆ ಸೂಜಿಯಷ್ಟು ಸಪೂರದ ಕತ್ತರಿ ಹಾಕಿ ಆ ನಾರು ಬಿಡಿಸ್ತಾರೆ. ಬಿಡಿಸಿದ್ರೆ ಪರದೆ ತಾನಾಗಿ ಹಿಂದೆ ಹೋಗಿ ಕೂತುಕೊಳ್ಳಬಹುದು."

"ಬಲಗಣ್ಣು?" ನಿಖಿತಾಳ ದನಿ ಕೇಳಿಸುವಂತಿರಲಿಲ್ಲ.

ಸರ್ಜನ್ ಇಲ್ಲವೆಂಬಂತೆ ತಲೆಯಾಡಿಸಿದರು. ಅದನ್ನು ಯಾವ ಭಾಷೆಗೂ ತರಬೇಕಾಗಲಿಲ್ಲ.

ಒಪ್ಪಿಗೆಯ ಪತ್ರ ಬಂತು. ಕೇರಳದವರು ಎಂದು ನೋಡಿ ಕೌಂಟರಿನವಳು ಮಲಯಾಳದ್ದನ್ನೇ ಕೊಟ್ಟಿದ್ದಳು. ತಾಯಿ ಸಹಿ ಹಾಕಬೇಕು. ಅಪಾಯಗಳನ್ನು ಓದಿ ತಿಳಿಸಿದ್ದೇನೆ ಎಂದು ಮನೆಯ ಇನ್ನೊಬ್ಬರು ಕೆಳಗೆ ಸಹಿ ಹಾಕಬೇಕು.

"ಅಣ್ಣ, ಓದಿ ಹೇಳು," ಎಂದು ನಿಖಿತಾ ಕಾಗದವನ್ನು ಅವನತ್ತ ಸರಿಸಿದಳು. ಅವಳದ್ದು ಕನ್ನಡ ಶಾಲೆ. ಮಲಯಾಳ ಮಾತಾಡುತ್ತಾಳೆ, ಅಕ್ಷರ ಹತ್ತದು.

ಜಿತೇಂದ್ರ ಕಾಗದ ನೋಡಿದ. ಪೆನ್ನು ಹಿಡಿದ. ಪೆನ್ನು ನಿಂತಲ್ಲೇ ನಿಂತಿತು.

"ಬೇಗ ಓದಿ," ಎಂದಳು ತೃಷಾ. "ಮಗುವನ್ನು ಒಳಗೆ ಕರೀತಿದ್ದಾರೆ."

ಅವನು ಪೆನ್ನು ಕೆಳಗಿಟ್ಟ.

"ನನಗೆ... ಓದ್ಲಿಕ್ಕೆ ಬರುದಿಲ್ಲ."

"ಎಂತ?"

"ಮಲಯಾಳ. ನಾನೂ ಕನ್ನಡ ಶಾಲೆಯೇ. ಮಾತು ಬರ್ತದೆ. ಓದ್ಲಿಕ್ಕೆ ಒಂದಕ್ಷರವೂ ಬರುದಿಲ್ಲ."

ತೃಷಾಳ ಕಿವಿಯಲ್ಲಿ ಏನೋ ಗುಂಯ್ ಎಂದಿತು.

ಅವಳಪ್ಪ ಕೇರಳ ಸರ್ಕಾರದ ಕಚೇರಿಯಲ್ಲಿ ಗುಮಾಸ್ತ. ಕನ್ನಡ ಮಾತಾಡುವ ಮಗಳನ್ನು ಸೇರಿಸಿದ್ದು ಮಲಯಾಳ ಶಾಲೆಗೆ. ಅವಳು ಬರೆಯುತ್ತಿದ್ದದ್ದೆಲ್ಲ ಅದರಲ್ಲೇ. ಆ ದಿನದ ಚೀಟಿಯನ್ನೂ, ಹತ್ತು ದಿನ ಎಂಬುದನ್ನೂ ಅಂಕಿಯಿಲ್ಲದೆ ಅಕ್ಷರದಲ್ಲೇ...

"ಆದ್ರೆ ನಾನು ಅವತ್ತು ಓದಿ ಹೇಳಿದ್ದೆ..."

ಅವಳು ಅಲ್ಲೇ ನಿಂತಳು. ಆ ದಿನ ಕಣ್ಣ ಮುಂದೆ ಬಂದು ಕುಳಿತಿತು. ಮೇಜು. ಅವನ ಪಿಸುಮಾತು. ಬಿಸಿಯಾದ ಕೆನ್ನೆ. ತಲೆಯೆತ್ತದೆ ಚೀಟಿ ನೀಡುತ್ತ ಅವಳು ಕೇಳಿದ್ದು ಒಂದೇ ಮಾತು: "ಓದ್ಲಿಕ್ಕೆ ಬರ್ತದಲ್ಲ?"

ಅವನು ಹೇಳಿದ್ದೂ ಒಂದೇ ಮಾತು: "ಬರ್ತದೆ."

ಅವಳು ಓದಿ ಹೇಳಿರಲಿಲ್ಲ! ಅವನಿಂದ ತಿರುಗಿ ಹೇಳಿಸಿರಲೂ ಇಲ್ಲ. ಆ ಕೆಂಪು ಟಿಕ್ಕು ಸುಳ್ಳು. ಆ ಸುಳ್ಳು ಟಿಕ್ಕನ್ನೇ ನಾಲ್ಕು ಜನರ ಎದುರು ಅವನ ಮುಖಕ್ಕೆ ಎಸೆದಿದ್ದಳು.

ಅವನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ತಪ್ಪು ನನ್ನದೇ ಎಂದಿದ್ದ!

ಕಾಗದವನ್ನು ಅವಳೇ ಕಸಿದುಕೊಂಡಳು. ಒಂದೊಂದೇ ಸಾಲು ಓದಿದಳು, ತಡವರಿಸದೆ. ರಕ್ತ ಬರಬಹುದು. ಅರಿವಳಿಕೆಯಲ್ಲಿ ಉಸಿರು ನಿಲ್ಲಬಹುದು. ಪರದೆ ಕೂರದೆ ಹೋಗಬಹುದು. ಪ್ರತಿ ಸಾಲನ್ನೂ ನಿಖಿತಾಳ ಬಾಯಲ್ಲಿ ತಿರುಗಿ ಹೇಳಿಸಿದಳು. ಕೊನೆಗೆ ಕೆಳಗೆ ಸಹಿ ಹಾಕಿದಳು. ಸಂಬಂಧ ಎಂಬಲ್ಲಿ ಏನು ಬರೆಯುವುದೆಂದು ತಿಳಿಯದೆ ಖಾಲಿ ಬಿಟ್ಟಳು.

*

ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿತು. ನಿಖಿತಾ ಒಂದು ಮೂಲೆಯಲ್ಲಿ ಗೋಡೆಗೆ ಹಣೆ ಹಚ್ಚಿ ಕುಳಿತಳು.

"ಬರ್ತದೆ ಅಂತ ಯಾಕೆ ಹೇಳಿದ್ರಿ?" ತೃಷಾ ಜಿತೇಂದ್ರನತ್ತ ತಿರುಗಿದಳು.

"ನಿಮ್ಮೆದುರು ಬರುದಿಲ್ಲ ಅಂತ ಹೇಳ್ಲಿಕ್ಕೆ ನಾಚಿಕೆ ಆಯ್ತು."

"ಮತ್ತೆ ಯಾರ ಹತ್ರ ಆದ್ರೂ ಓದಿಸಬಾರ್ದಿತ್ತಾ? ಸೀತಾಂಗೋಳಿಯಲ್ಲಿ ಮಲಯಾಳ ಓದುವ ಜನಕ್ಕೆ ಬರ ಉಂಟಾ?"

ಅವನು ಜೇಬಿನ ಮೇಲೆ ಕೈ ಇಟ್ಟ.

"ಹನಿ ಮದ್ದಿನ ವಿಷಯ ಅಂತ ಎಣಿಸಿದೆ. ಅದನ್ನು ಫಾರ್ಮಸಿಯವ ಬಾಯಲ್ಲೇ ಹೇಳಿದ್ದ. ಮತ್ತೆ... ಅದು ನೀವು ಕೈಯಲ್ಲಿ ಬರೆದದ್ದು. ನನ್ನ ಹತ್ರ ನಿಮ್ಮದು ಅಂತ ಬೇರೆ ಎಂತ ಇತ್ತು? ಪರ್ಸಿನಲ್ಲಿ ಇಟ್ಟುಕೊಂಡೆ. ದಿನಾ ತೆಗೆದು ನೋಡ್ತಿದ್ದೆ. ಇನ್ನೊಬ್ಬರ ಕೈಗೆ ಕೊಡ್ಲಿಕ್ಕೆ ಮನಸ್ಸು ಬರ್ಲಿಲ್ಲ."

ದಿನಾ ತೆಗೆದು ನೋಡುತ್ತಿದ್ದ! ಮಗುವಿನ ಕಣ್ಣು ಹೋಗುತ್ತದೆ, ಬೇಗ ಬನ್ನಿ ಎಂದು ಕೂಗುತ್ತಿದ್ದ ಚೀಟಿಯನ್ನು ಪ್ರೇಮಪತ್ರದ ಹಾಗೆ ಎದೆಯಲ್ಲಿಟ್ಟುಕೊಂಡು ತಿರುಗುತ್ತಿದ್ದ.

ತೃಷಾಳಿಗೆ ನಗು ಬಂದಂತಾಯಿತು, ಹೊಟ್ಟೆಯಿಂದ ಎದ್ದು ಬಂದದ್ದು ಅಳು.

"ನಾನು ಫೋನ್ ಮಾಡಿದ್ದೆ," ಎಂದಳು ಬಿಕ್ಕುತ್ತ. "ಒಂದು ರಿಂಗಿಗೆ ಕಟ್ ಮಾಡಿದೆ. ನೀವು ಬರ್ಲಿಲ್ಲ ಅಂತ ಸಿಟ್ಟು. ಓಲೆ ಬೇರೆ ಹಾಕ್ಕೊಂಡು ಬಂದಿದ್ದೆ... ಮಗುವಿನ ನೆನಪೇ ಆಗ್ಲಿಲ್ಲ ನನಗೆ! ನಾನು ಎಂಥ ನರ್ಸು?"

"ಎರಡು ಸಲ ನಿಮ್ಮ ಆಸ್ಪತ್ರೆಯ ಗೇಟಿನವರೆಗೆ ಬಂದಿದ್ದೆ ನಾನು. ಎಂತ ನೆಪ ಹೇಳುದು ಅಂತ ಗೊತ್ತಾಗದೆ ತಿರುಗಿ ಹೋದೆ."

ನೆಪ ಅವನ ಪರ್ಸಿನಲ್ಲೇ ಇತ್ತು. ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಕುಳಿತರು. ಗಡಿಯಾರದ ಮುಳ್ಳು ಹೋದದ್ದೇ ಕಾಣದು. ಒಂದು ಹೊತ್ತಿನಲ್ಲಿ ಅವನ ಕೈ ಬೆಂಚಿನ ಮೇಲೆ ಸರಿದು ಅವಳ ಕೈಯ ಒಂದಂಗುಲ ಈಚೆ ನಿಂತಿತು.

"ತೃಷಾ..."

ಮೊದಲ ಸಲ! ಈ ಹೆಸರನ್ನು ಅವನ ಬಾಯಲ್ಲಿ ಕೇಳಲು ಎಷ್ಟು ಕಾದಿದ್ದಳು. ಇಂಥ ಜಾಗದಲ್ಲಿ ಕೇಳಬೇಕಾಯಿತೇ?

"ಹೂಂ."

"ಎಂತ ಇಲ್ಲ. ಸುಮ್ಮನೆ."

ಅವಳೂ ಕೈ ಸರಿಸಲಿಲ್ಲ. ಆ ಒಂದಂಗುಲ ಹಾಗೇ ಉಳಿಯಿತು.

ಎರಡು ಗಂಟೆಯ ಮೇಲೆ ಸರ್ಜನ್ ಹೊರಗೆ ಬಂದರು. ಮಾಸ್ಕ್ ಕೆಳಗೆಳೆದರು. ಅವರು ಹೇಳಿದ್ದನ್ನು ತೃಷಾ ಮತ್ತೆ ಕನ್ನಡಕ್ಕೆ ತಂದಳು.

"ಎಡಗಣ್ಣಿನ ನಾರು ಬಿಡಿಸಿದ್ದೇವೆ. ಪರದೆ ಕೂರಬೇಕು, ಕೂರ್ತದೆ ಅಂತ ನನಗೆ ಆಸೆ ಉಂಟು. ಆದರೆ ಪರದೆ ಕೂರುವುದು ಬೇರೆ, ಮಗು ನೋಡುವುದು ಬೇರೆ. ಅವಳು ಎಷ್ಟು ನೋಡ್ತಾಳೆ ಅಂತ ಹೇಳಲು ನನ್ನಿಂದ ಆಗದು. ತಿಂಗಳುಗಳು ಬೇಕು. ಅವಳೇ ಹೇಳಬೇಕು."

*

ಊರಿಗೆ ಬಂದ ಮರುದಿನವೇ ತೃಷಾ ಮೇಟ್ರನ್ ಎದುರು ನಿಂತಳು.

"ಆ ಟಿಕ್ಕು ಸುಳ್ಳು, ಮೇಡಂ. ನಾನು ಓದಿ ಹೇಳಲಿಲ್ಲ. ಬರದಿದ್ದಾಗ ಫೋನೂ ಮಾಡಲಿಲ್ಲ."

"ಅವರು ದೂರು ಕೊಟ್ಟಿದ್ದಾರಾ?"

"ಇಲ್ಲ. ಕೊಡುವುದೂ ಇಲ್ಲ."

"ಮತ್ತೆ ಯಾಕೆ ಬಾಯಿ ಬಿಡ್ತೀ ಮಾರಾಯ್ತಿ?"

"ಬಿಡದಿದ್ರೆ ಉಸಿರು ಕಟ್ತದೆ."

ಮೆಮೊ ಸಿಕ್ಕಿತು. ಹದಿನೈದು ದಿನ ಮನೆಯಲ್ಲಿ ಕೂರಿಸಿದರು. ತಿರುಗಿ ಬಂದ ಮೇಲೆ ಅವಳು ಗುಡಿಸುವ ಸುಬ್ಬಲಕ್ಷ್ಮಿಯಕ್ಕನನ್ನು ಹಿಡಿದು ಕನ್ನಡ ಅಕ್ಷರ ಕಲಿಯತೊಡಗಿದಳು. ಚೀಟಿಯ ಕೆಳಗೆ ವಕ್ರ ವಕ್ರವಾಗಿ ಕನ್ನಡದಲ್ಲೂ ಬರೆದಳು. "ನಿನ್ನ 'ಮ' ಅಕ್ಷರ ನೋಡಿದ್ರೆ ಕೋಳಿ ಕೆದರಿದ ಹಾಗೆ ಉಂಟು," ಎಂದು ಸುಬ್ಬಲಕ್ಷ್ಮಿಯಕ್ಕ ನಗುತ್ತಿದ್ದಳು.

ಜಿತೇಂದ್ರ ಮಾತ್ರ ಕಾಣಲಿಲ್ಲ. ಫೋನ್ ಎತ್ತಲಿಲ್ಲ. ಕೊಯಮತ್ತೂರಿಗೆ ತೋರಿಸಲು ಹೋಗುವಾಗ ತಂಗಿಯನ್ನು ಮಾತ್ರ ಕರೆದುಕೊಂಡು ಹೋದ. ನಿಖಿತಾ ಮೆಸೇಜು ಕಳಿಸುತ್ತಿದ್ದಳು: ಎಡಗಣ್ಣಿನ ಪರದೆ ಕೂತಿದೆಯಂತೆ. ಗಂಟೆಗೊಮ್ಮೆ ಹನಿ ಬಿಡುತ್ತಿದ್ದೇವೆ. ಅಮ್ಮು ಇನ್ನೂ ಯಾವುದನ್ನೂ ನೋಡುತ್ತಿಲ್ಲ. ಅಣ್ಣ ಊಟ ಸರಿ ಮಾಡುವುದಿಲ್ಲ.

ಬೋವಿಕಾನದ ಬಸ್ಸಿನ ಕಿಟಕಿಯಲ್ಲಿ ದಿನಾ ಅವನ ಮುಖ. ಯಾವ ಅಂಗಡಿಯ ಮುಂದೆ ವೆಲ್ಡಿಂಗಿನ ನೀಲಿ ಬೆಳಕು ಮಿಂಚಿದರೂ ಎದೆ ಧಸಕ್ ಎನ್ನುವುದು. ಮನೆಯಲ್ಲಿ ಅಪ್ಪ ಒಂದು ಸಂಬಂಧದ ಮಾತೆತ್ತಿದರೆ ಅವಳು ಎದ್ದು ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವಳು.

ಆರು ವಾರ ತಡೆದಳು. ಏಳನೆಯ ಭಾನುವಾರ ವಿದ್ಯಾನಗರದಲ್ಲಿ ಇಳಿದು ಸೀತಾಂಗೋಳಿಯ ಬಸ್ಸು ಹತ್ತಿದಳು.

ವರ್ಕ್‌ಶಾಪಿನ ಶಟರ್ ಅರ್ಧ ಎಳೆದಿತ್ತು. ಒಳಗೆ ಒಬ್ಬನೇ. ಮುಖಕ್ಕೆ ಮುಖವಾಡ, ಕೈಯಲ್ಲಿ ಕಿಡಿ. ಯಾರದೋ ಮನೆಯ ಕಿಟಕಿಯ ಸರಳು.

"ಜಿತೇಂದ್ರ!"

"ಅಲ್ಲೇ ನಿಲ್ಲಿ! ಈ ಬೆಳಕು ನೋಡ್ಬೇಡಿ, ಕಣ್ಣು ಉರೀತದೆ..." ಎನ್ನುತ್ತ ಅವನು ಮುಖವಾಡ ಮೇಲೆತ್ತಿದ. ಅವಳನ್ನು ಕಂಡು ಹಾಗೇ ನಿಂತ. ಗಡ್ಡ ಬಂದಿತ್ತು. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು.

"ಫೋನ್ ಯಾಕೆ ಎತ್ತುದಿಲ್ಲ?"

"ಎತ್ತಿ ಎಂತ ಹೇಳ್ಲಿ?"

"ಬದುಕಿದ್ದೇನೆ ಅಂತ ಹೇಳ್ಬಹುದಿತ್ತು."

ಅವನು ಸ್ಟೂಲನ್ನು ಅಂಗಿಯಿಂದ ಒರೆಸಿ ಅವಳತ್ತ ಸರಿಸಿದ. ಅವಳು ಕೂರಲಿಲ್ಲ.

"ಮೆಮೊ ಸಿಕ್ಕಿತಂತೆ ನಿಮಗೆ," ಎಂದ. "ನನ್ನ ಹೆಸರು ಹೇಳಿದ್ರೆ ಮುಗೀತಿತ್ತಲ್ಲ."

"ನಿಮ್ಮ ಪಾಲು ನಿಮಗುಂಟು. ನನ್ನದನ್ನು ನಾನು ಹೊರ್ತೇನೆ. ಅದನ್ನು ಮಾತಾಡ್ಲಿಕ್ಕೆ ಬಂದದ್ದಲ್ಲ ನಾನು."

"ಮತ್ತೆ?"

ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡ ಮಾತೆಲ್ಲ ಈಗ ಎಲ್ಲಿ ಹೋಯಿತು? ನಾಚಿಕೆಪಟ್ಟು ಒಮ್ಮೆ ತಲೆ ತಗ್ಗಿಸಿದ್ದಕ್ಕೆ ಎಷ್ಟು ತೆತ್ತದ್ದಾಯಿತು! ಈ ಸಲ ತಲೆ ತಗ್ಗಿಸಲಿಲ್ಲ.

"ನನಗೆ ನೀವು ಬೇಕು. ಅದನ್ನು ಹೇಳ್ಲಿಕ್ಕೆ ಬಂದೆ."

ಅವನ ಕೈಯಲ್ಲಿದ್ದ ಕೈಗವಸು ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವನು ಬಹಳ ಹೊತ್ತು ಮೇಲೇಳಲಿಲ್ಲ. ಎದ್ದಾಗ ಕಣ್ಣು ತುಂಬಿತ್ತು.

"ನನಗೆ ಬೇಡ ಅಂತ ಎಣಿಸಿದ್ರಾ ತೃಷಾ? ಅಮ್ಮುವಿಗೆ ಹನಿ ಬಿಡುವಾಗ ಪ್ರತಿ ಸಲ ನಿಮ್ಮ ಕೈ ನೆನಪಾಗ್ತದೆ. ಹೀಗೆ ಹಿಡಿಯಿರಿ, ಹಾಗೆ ಹಿಡಿಯಿರಿ ಅಂತ ನೀವು ಬೈದದ್ದು ಕೇಳ್ತದೆ. ಒಮ್ಮೊಮ್ಮೆ ಬೇಕೂಂತ ತಪ್ಪು ಹಿಡೀತೇನೆ, ಇನ್ನೊಮ್ಮೆ ಬೈಯಲಿ ಅಂತ."

"ಹಾಗಾದ್ರೆ?"

"ಹಾಗಾದ್ರೆ... ಹೇಗೆ ಸುಖವಾಗಿರುದು ನಾವು? ನಾವು ಒಬ್ಬರನ್ನೊಬ್ಬರು ನೋಡ್ತಾ ಕೂತದ್ದಕ್ಕೆ ಅವಳು ನೋಡದ ಹಾಗಾಯ್ತು. ಮನೆಯಲ್ಲಿ ಅವಳು ತಡವರಿಸಿಕೊಂಡು ನಡೆಯುವಾಗ ನಾನು ನಿಮ್ಮ ಪಕ್ಕ ಹೇಗೆ ನಿಲ್ಲುದು?"

ತೃಷಾಳಿಗೆ ರೈಲಿನಲ್ಲಿ ತಾನು ಕಟ್ಟಿದ ಪಣ ನೆನಪಾಗಿ ಮೈ ಜುಮ್ಮೆಂದಿತು. ಅದೇ ಲೆಕ್ಕ ಈಗ ಇವನ ಬಾಯಲ್ಲಿ.

ಅವನು ಒಂದು ಹೆಜ್ಜೆ ಹತ್ತಿರ ಬಂದ. ಬಹಳ ದಿನ ಯೋಚಿಸಿಟ್ಟುಕೊಂಡದ್ದನ್ನು ಹೇಳುವವನ ಹಾಗೆ, ಮೆಲ್ಲಗೆ ಹೇಳಿದ.

"ಒಂದು ಮಾತು ಹೇಳ್ತೇನೆ. ಅಮ್ಮುವಿಗೆ ವರ್ಷ ತುಂಬ್ಲಿ. ಅಷ್ಟರಲ್ಲಿ ಗೊತ್ತಾಗ್ತದೆ ಅಂತ ಡಾಕ್ಟರಮ್ಮ ಹೇಳಿದ್ದಾರೆ. ಅವಳಿಗೆ ಕಂಡ್ರೆ... ಮರುದಿನವೇ ಅಮ್ಮನನ್ನು ಕರ್ಕೊಂಡು ಬೋವಿಕಾನಕ್ಕೆ ಬರ್ತೇನೆ, ನಿಮ್ಮಪ್ಪನ ಹತ್ರ ಕೇಳ್ತೇನೆ. ಕಾಣದಿದ್ರೆ ನೀವು ನನ್ನನ್ನು ಮರೆತು ಬೇರೆ ನೋಡಿಕೊಳ್ಳಿ. ನಾನು ಅವಳ ಜೊತೆ ಇರ್ತೇನೆ. ಆಗ್ಬಹುದಾ?"

"ಆಗುದಿಲ್ಲ."

ಅವನು ಬೆಚ್ಚಿದ. "ಒಮ್ಮೆ ಯೋಚನೆ ಮಾಡಿ..."

"ಮಾಡುದಿಲ್ಲ. ಆರು ತಿಂಗಳ ಮಗು ಕೂಡ ಅಲ್ಲ ಅದು. ಅದರ ಒಂದು ಕಣ್ಣಿನ ಮೇಲೆ ನಮ್ಮಿಬ್ಬರ ಮದುವೆಯ ಭಾರ ಹಾಕ್ತೀರಾ? ಕಂಡ್ರೆ ನಿಮ್ಮ ಜೊತೆ ಕುಣೀತೇನೆ. ಕಾಣದಿದ್ರೆ ನಿಮ್ಮ ಜೊತೆ ಅವಳ ಕೈ ಹಿಡಿದು ನಡೆಸ್ತೇನೆ. ಎರಡರಲ್ಲಿ ಯಾವುದಾದ್ರೂ ನಿಮ್ಮ ಜೊತೆಯೇ."

"ಜೀವನಪೂರ್ತಿ ತೃಷಾ... ಸುಲಭ ಅಲ್ಲ."

"ಸುಲಭದ್ದು ಯಾರು ಕೇಳಿದ್ದು?"

ಅವನು ಮಸಿ ಹಿಡಿದ ಬೆರಳಿನಿಂದ ಅವಳ ಕೆನ್ನೆಯ ನೀರು ಒರೆಸಲು ಹೋಗಿ, ಮಸಿ ನೆನಪಾಗಿ ತಡೆದ. ಅವಳೇ ಆ ಕೈಯನ್ನು ಹಿಡಿದು ಕೆನ್ನೆಗೆ ಒತ್ತಿಕೊಂಡಳು.

"ಒಂದು ವರ್ಷ ಮಾತ್ರ ಕೇಳ್ತಿದ್ದೇನೆ," ಎಂದ ಅವನು, ದನಿಯೇ ಇಲ್ಲದೆ.

"ಒಂದು ದಿನವೂ ಕೊಡುದಿಲ್ಲ."